ತೆರೆಯದ ಪುಟಗಳ ಲೆಕ್ಕ

ಅಂತರಜಾಲದಲ್ಲಿ ಒಂದು ಪುಟ ತೆರೆಯದಿರಲು ಅನೇಕ ಕಾರಣಗಳಿರುತ್ತವೆ. ಪುಟವನ್ನಿರಿಸಿದ ಗಣಕಯಂತ್ರ ಕೆಟ್ಟಿರಬಹುದು, ಕೇಬಲ್ ತುಂಡಾಗಿರಬಹುದು, ವಿಳಾಸದಲ್ಲಿ ಅಕ್ಷರ ತಪ್ಪಿರಬಹುದು. ಅಥವಾ ಸರ್ಕಾರವೊಂದು ತನ್ನ ಪ್ರಜೆಗಳು ಅದನ್ನು ನೋಡಬಾರದೆಂದು ತಡೆದಿರಬಹುದು. ಕುಳಿತು ಕಾಯುತ್ತಿರುವ ಬಳಕೆದಾರನಿಗೆ ಇವೆಲ್ಲವೂ ಬಹುಮಟ್ಟಿಗೆ ಒಂದೇ ರೀತಿ ಕಾಣಿಸುತ್ತವೆ. ನಮ್ಮಲ್ಲಿ ಪುಸ್ತಕವೊಂದನ್ನು ಮುಟ್ಟುಗೋಲು ಹಾಕಿಕೊಳ್ಳಬೇಕಾದರೆ ಸರ್ಕಾರ ಕಾರಣ ಸಹಿತ ಅಧಿಸೂಚನೆ ಹೊರಡಿಸಬೇಕು. ಜಾಲತಾಣವನ್ನು ತಡೆದಾಗ ಅಂಥ ಯಾವ ಗುರುತೂ ಉಳಿಯದಿರಬಹುದು. ಹಾಗಿರುವಾಗ ತಡೆ ಇದೆ ಎಂದು ಸಾಧಿಸುವುದು ಹೇಗೆ? ಗಣಕ ವಿಜ್ಞಾನಿಗಳು ಇದನ್ನು ಅಳತೆಯ ಪ್ರಶ್ನೆಯಾಗಿ ಪರಿವರ್ತಿಸಿದ ಕಥೆ ಕುತೂಹಲಕರವಾಗಿದೆ.

ತಡೆ ಬೀಳುವ ಜಾಗಗಳು

ನಾವು ಜಾಲತಾಣದ ಹೆಸರನ್ನು ಬರೆದಾಗ ನಮ್ಮ ಗಣಕ ಮೊದಲು ಡಿ.ಎನ್.ಎಸ್. ಎಂಬ ವಿಳಾಸ ಪುಸ್ತಕವನ್ನು ವಿಚಾರಿಸಿ, ಆ ಹೆಸರಿಗೆ ಸಲ್ಲುವ ಐ.ಪಿ. ಸಂಖ್ಯೆಯನ್ನು ಪಡೆಯುತ್ತದೆ. ಬಳಿಕ ಆ ಸಂಖ್ಯೆಯ ಗಣಕದೊಡನೆ ಸಂಪರ್ಕ ಬೆಳೆಸಿ, ಬೇಕಾದ ಪುಟವನ್ನು ಕೇಳುತ್ತದೆ. ಈ ಪ್ರತಿ ಹಂತದಲ್ಲೂ ತಡೆ ಒಡ್ಡಬಹುದು. ವಿಳಾಸ ಪುಸ್ತಕವೇ ಸುಳ್ಳು ಸಂಖ್ಯೆ ಕೊಡಬಹುದು. ಆ ಸಂಖ್ಯೆಗೆ ಹೊರಟ ಪ್ಯಾಕೆಟ್‌ಗಳನ್ನು ದಾರಿಯಲ್ಲಿಯೇ ಎಸೆಯಬಹುದು. ಇಲ್ಲವೇ ಪ್ಯಾಕೆಟ್‌ಗಳೊಳಗೆ ಇಣುಕಿ, ನಿಷಿದ್ಧ ಪದ ಕಂಡ ಕೂಡಲೇ ಸಂಪರ್ಕವನ್ನು ಕಡಿಯಬಹುದು. ಒಂದೊಂದು ವಿಧಾನವನ್ನು ಪತ್ತೆ ಮಾಡಲೂ ಒಂದೊಂದು ಬಗೆಯ ಪರೀಕ್ಷೆ ಬೇಕಾಗುತ್ತದೆ.

ಮೊದಲ ಎಣಿಕೆಗಳು

ಈ ಕೆಲಸವನ್ನು ವ್ಯವಸ್ಥಿತವಾಗಿ ಆರಂಭಿಸಿದವರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಜೊನಾಥನ್ ಜಿಟ್ರೇನ್ ಮತ್ತು ಬೆಂಜಮಿನ್ ಎಡೆಲ್‌ಮನ್ ಪ್ರಮುಖರು. 2002ರಲ್ಲಿ ಅವರು ಸೌದಿ ಅರೇಬಿಯವನ್ನು ಪರಿಶೀಲಿಸಿದರು. ಆಗ ಆ ದೇಶದ ಜಾಲ ಸಂಚಾರವೆಲ್ಲ ರಿಯಾದ್‌ನ ಒಂದು ಕೇಂದ್ರದ ಮೂಲಕವೇ ಹಾಯುತ್ತಿತ್ತು. ತಡೆದ ಪುಟವನ್ನು ಕೇಳಿದರೆ 'ಇದಕ್ಕೆ ಪ್ರವೇಶವಿಲ್ಲ' ಎಂಬ ಸೂಚನೆ ನೇರವಾಗಿ ಬರುತ್ತಿತ್ತು. ಹೀಗಾಗಿ ಎಣಿಕೆ ಸುಲಭವಾಯಿತು. ಪರೀಕ್ಷಿಸಿದ ಸುಮಾರು 64 ಸಾವಿರ ಪುಟಗಳಲ್ಲಿ 2,000ಕ್ಕೂ ಹೆಚ್ಚು ಪುಟಗಳಿಗೆ ತಡೆಯಿತ್ತು.

ಅದೇ ವರ್ಷ ಅವರು ಚೀನಾದತ್ತ ತಿರುಗಿದಾಗ ಪರಿಸ್ಥಿತಿ ಬೇರೆಯಾಗಿತ್ತು. ಅಲ್ಲಿ ಸೂಚನೆಯೇ ಇಲ್ಲ, ಪುಟ ಸುಮ್ಮನೆ ಬರುವುದಿಲ್ಲ. ಸಂಶೋಧಕರು ದೂರವಾಣಿಯ ಮೂಲಕ ಚೀನಾದ ಸೇವಾ ಸಂಸ್ಥೆಗಳಿಗೆ ಡಯಲ್ ಮಾಡಿ, ಜೊತೆಗೆ ಅಲ್ಲಿನ ಪ್ರಾಕ್ಸಿ ಗಣಕಗಳನ್ನು ಬಳಸಿ, ಮೇ ತಿಂಗಳಿಂದ ನವೆಂಬರ್‌ವರೆಗೆ ಸುಮಾರು 2 ಲಕ್ಷ ತಾಣಗಳನ್ನು ಪರೀಕ್ಷಿಸಿದರು. ಒಮ್ಮೆಯಾದರೂ ಸಿಗದೆ ಹೋದ ತಾಣಗಳ ಸಂಖ್ಯೆ 50,000 ಮೀರಿತ್ತು. ಆದರೆ ಅವರು ಆ ಸಂಖ್ಯೆಗೆ ಜೋತುಬೀಳಲಿಲ್ಲ. ಬೇರೆ ಬೇರೆ ದಿನಗಳಲ್ಲಿ ಹಲವು ಬಾರಿ ಸಿಗದಿರಬೇಕು, ಅದೇ ವೇಳೆಗೆ ಅಮೆರಿಕದಿಂದ ತೆರೆಯುತ್ತಿರಬೇಕು ಎಂಬ ನಿಯಮ ಹಾಕಿಕೊಂಡರು. ಆಗ ಉಳಿದದ್ದು ಸುಮಾರು 19,000 ತಾಣಗಳು ಮಾತ್ರ.

ಪ್ರಯೋಗಶಾಲೆಯಲ್ಲಿ ನಾವು ಕಲಿಸುವ 'ಹೋಲಿಕೆಯ ಪ್ರಯೋಗ' ಇದೇ ಅಲ್ಲವೆ? ಒಂದು ಗಿಡವನ್ನು ಕತ್ತಲಲ್ಲಿಟ್ಟರೆ ಇನ್ನೊಂದನ್ನು ಬೆಳಕಿನಲ್ಲಿಡುತ್ತೇವೆ. ಹೊರಗಿನಿಂದ ತೆರೆದ ಪುಟವೇ ಇಲ್ಲಿ ಬೆಳಕಿನಲ್ಲಿಟ್ಟ ಗಿಡ. ಅದಿಲ್ಲದೆ ಹೋಗಿದ್ದರೆ ಕೆಟ್ಟ ಗಣಕವೊಂದರ ತಪ್ಪನ್ನು ಸರ್ಕಾರದ ತಲೆಗೆ ಕಟ್ಟಿದಂತಾಗುತ್ತಿತ್ತು.

ಮುಂದೆ ಹಾರ್ವರ್ಡ್, ಟೊರಾಂಟೊ ಮುಂತಾದ ವಿಶ್ವವಿದ್ಯಾಲಯಗಳು ಕೂಡಿ 'ಓಪನ್‌ನೆಟ್ ಇನಿಷಿಯೇಟಿವ್' ಎಂಬ ಯೋಜನೆ ಕೈಗೊಂಡವು. 2006-07ರಲ್ಲಿ ಅದು ಸುಮಾರು 40 ದೇಶಗಳನ್ನು ಪರೀಕ್ಷಿಸಿ, ಅರ್ಧಕ್ಕಿಂತ ಹೆಚ್ಚು ದೇಶಗಳಲ್ಲಿ ಒಂದಲ್ಲ ಒಂದು ತಡೆ ಇರುವುದನ್ನು ದಾಖಲಿಸಿತು. 2014ರಲ್ಲಿ ಯೋಜನೆ ಮುಗಿಯಿತು.

ನಕಲಿ ಪ್ಯಾಕೆಟ್‌ನ ಗುರುತು

2006ರಲ್ಲಿ ಕೇಂಬ್ರಿಜ್‌ನ ರಿಚರ್ಡ್ ಕ್ಲೇಟನ್, ಸ್ಟೀವನ್ ಮರ್ಡಕ್ ಮತ್ತು ರಾಬರ್ಟ್ ವಾಟ್ಸನ್ ಚೀನಾದಲ್ಲಿನ ಒಂದು ಗಣಕಕ್ಕೆ ನಿಷಿದ್ಧ ಪದವೊಂದನ್ನು ಹೊರಗಿನಿಂದ ಕಳುಹಿಸಿದರು. ತಕ್ಷಣವೇ ಸಂಪರ್ಕವನ್ನು ಮುಗಿಸುವಂತೆ ಹೇಳುವ 'ರೀಸೆಟ್' ಪ್ಯಾಕೆಟ್‌ಗಳು ಬಂದವು. ಇಬ್ಬರು ದೂರವಾಣಿಯಲ್ಲಿ ಮಾತನಾಡುತ್ತಿರುವಾಗ ಮೂರನೆಯವನು ನಡುವೆ ಸೇರಿ, ಇಬ್ಬರ ದನಿಯನ್ನೂ ಅನುಕರಿಸಿ 'ಇಡುತ್ತೇನೆ' ಎಂದಂತೆ ಇದು.

ಅನುಕರಣೆ ಸಿಕ್ಕಿಬಿದ್ದದ್ದು ಒಂದು ಚಿಕ್ಕ ಅಂಕೆಯಿಂದ. ಪ್ರತಿ ಪ್ಯಾಕೆಟ್‌ನಲ್ಲೂ ಅದರ ಆಯುಸ್ಸನ್ನು ಸೂಚಿಸುವ ಒಂದು ಸಂಖ್ಯೆಯಿರುತ್ತದೆ. ದಾರಿಯಲ್ಲಿ ಸಿಗುವ ಒಂದೊಂದು ರೌಟರ್ ಅದನ್ನು ಒಂದರಷ್ಟು ಕಡಿಮೆ ಮಾಡುತ್ತದೆ. ನಿಜವಾದ ಗಣಕದಿಂದ ಬಂದ ಪ್ಯಾಕೆಟ್‌ಗಳಲ್ಲಿ ಉಳಿದಿದ್ದ ಆಯುಸ್ಸಿಗೂ ರೀಸೆಟ್ ಪ್ಯಾಕೆಟ್‌ಗಳಲ್ಲಿ ಉಳಿದಿದ್ದ ಆಯುಸ್ಸಿಗೂ ತಾಳೆಯಾಗಲಿಲ್ಲ. ಅಂದರೆ ಅವು ಬೇರೆಡೆಯಿಂದ ಹೊರಟಿದ್ದವು. ಎರಡೂ ತುದಿಯ ಗಣಕಗಳು ರೀಸೆಟ್‌ಗಳನ್ನು ಕಡೆಗಣಿಸಿದರೆ ಪುಟ ಪೂರ್ತಿಯಾಗಿ ಬರುತ್ತದೆಂಬುದನ್ನೂ ಅವರು ತೋರಿಸಿಕೊಟ್ಟರು.

ದೇಶವೇ ಮೌನವಾದಾಗ

2011ರ ಜನವರಿ 27ರ ನಡುರಾತ್ರಿಯ ಹೊತ್ತಿಗೆ ಈಜಿಪ್ಟ್ ಬಹುಪಾಲು ಅಂತರಜಾಲದಿಂದ ಮರೆಯಾಯಿತು. ಫೆಬ್ರವರಿ 2ರಂದು ಮರಳಿತು. ತಮ್ಮ ಜಾಲಕ್ಕೆ ಬರುವ ಮಾರ್ಗ ಯಾವುದೆಂದು ಸೇವಾ ಸಂಸ್ಥೆಗಳು ಜಗತ್ತಿಗೆ ಸಾರುವ ಪ್ರಕಟಣೆಗಳು ಹಿಂತೆಗೆಯಲ್ಪಟ್ಟಿದ್ದರಿಂದ ಹೊರಗಿನ ವೀಕ್ಷಕರಿಗೆ ಇದು ಕೂಡಲೇ ಗೊತ್ತಾಯಿತು.

ಅದೇ ವರ್ಷ ಲಿಬಿಯ ಜಾಣತನ ತೋರಿತು. ಮಾರ್ಚ್‌ನಲ್ಲಿ ಅಲ್ಲಿ ಮಾರ್ಗ ಪ್ರಕಟಣೆಗಳು ಹಾಗೆಯೇ ಇದ್ದವು, ಸಂಚಾರ ಮಾತ್ರ ನಿಂತಿತ್ತು. ಇದನ್ನು ಹಿಡಿದುಕೊಟ್ಟದ್ದು ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊದಲ್ಲಿರುವ 'ಜಾಲ ದೂರದರ್ಶಕ'. ಇದು ಮಸೂರಗಳ ಉಪಕರಣವಲ್ಲ. ಯಾರೂ ಬಳಸದ, ಕೋಟಿಗೂ ಮಿಕ್ಕ ಐ.ಪಿ. ವಿಳಾಸಗಳ ಒಂದು ಗುಂಪು. ವೈರಸ್ ಅಂಟಿದ ಗಣಕಗಳು ಗುರಿಯಿಲ್ಲದೆ ಎರಚುವ ಕಸದ ಪ್ಯಾಕೆಟ್‌ಗಳು ಅಲ್ಲಿಗೆ ಎಲ್ಲ ದೇಶಗಳಿಂದಲೂ ಸದಾ ಬರುತ್ತಿರುತ್ತವೆ. ಲಿಬಿಯದಿಂದ ಬರುತ್ತಿದ್ದ ಕಸ ನಿಂತುಹೋದಾಗ, ದಾರಿ ತೆರೆದಂತೆ ಕಂಡರೂ ಬಾಗಿಲು ಮುಚ್ಚಿದೆಯೆಂದು ಸಂಶೋಧಕರು ತಿಳಿದರು.

ಅಳೆಯುವವರ ಸುರಕ್ಷತೆ

ಉತ್ತಮ ಅಳತೆಗೆ ದೇಶದೊಳಗಿನ ಗಣಕವೇ ಬೇಕು. ಆ ಗಣಕದ ಮುಂದೆ ಒಬ್ಬ ಮನುಷ್ಯನಿರುತ್ತಾನೆ. ನಿಷಿದ್ಧ ಪುಟಗಳನ್ನು ಸಾಲಾಗಿ ಕೇಳಿದವನನ್ನು ಪೊಲೀಸರು ಪ್ರಶ್ನಿಸಬಹುದು. 'ಪರೀಕ್ಷೆಗಾಗಿ ಕೇಳಿದೆ' ಎಂಬ ಉತ್ತರ ಎಲ್ಲೆಡೆಯೂ ಸಾಲದು.

2015ರಲ್ಲಿ 'ಎನ್‌ಕೋರ್' ಎಂಬ ವಿಧಾನ ಈ ಪ್ರಶ್ನೆಯನ್ನು ಮುಂದೆ ತಂದಿತು. ಯಾವುದೋ ಜಾಲತಾಣಕ್ಕೆ ಭೇಟಿಯಿತ್ತವರ ಬ್ರೌಸರ್ ಅವರಿಗೆ ತಿಳಿಯದಂತೆಯೇ ತಡೆಯಿರಬಹುದಾದ ತಾಣಗಳನ್ನು ಕೇಳಿ ನೋಡುತ್ತಿತ್ತು. ಪ್ರಬಂಧವನ್ನು ಪ್ರಕಟಿಸಿದ ಸಮ್ಮೇಳನದ ಸಮಿತಿ, ಅದರ ನೈತಿಕತೆಯ ಬಗ್ಗೆ ತನ್ನ ಆಕ್ಷೇಪವನ್ನು ಪ್ರಬಂಧದ ಜೊತೆಗೇ ಅಚ್ಚು ಹಾಕಿಸಿತು.

2012ರಲ್ಲಿ ಆರಂಭವಾದ 'ಊನಿ' ಯೋಜನೆ ಬೇರೆ ದಾರಿ ಹಿಡಿಯಿತು. ಅದರ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಫೋನಿನಲ್ಲಿ ನಡೆಸಬಹುದು. ಆದರೆ ಮೊದಲು ಅದರ ಅಪಾಯಗಳನ್ನು ತಿಳಿಸಿ, ಅರ್ಥವಾಗಿದೆಯೆ ಎಂದು ಪ್ರಶ್ನೆ ಕೇಳಿ ಖಚಿತಪಡಿಸಿಕೊಳ್ಳುತ್ತದೆ. ಪ್ರತಿ ಪರೀಕ್ಷೆಯ ಫಲಿತಾಂಶವನ್ನೂ ಹೊರಗಿನ ಗಣಕವೊಂದರ ಫಲಿತಾಂಶದೊಡನೆ ಹೋಲಿಸಿ, ಎಲ್ಲರೂ ಪರಿಶೀಲಿಸುವಂತೆ ಪ್ರಕಟಿಸುತ್ತದೆ.

ನಮ್ಮ ದೇಶದಲ್ಲಿ

ಭಾರತದಲ್ಲಿ 2003ರಲ್ಲಿ ಯಾಹೂ ತಾಣದ ಒಂದು ಚರ್ಚಾ ಗುಂಪನ್ನು ತಡೆಯಲು ಆಜ್ಞೆಯಾದಾಗ ಸೇವಾ ಸಂಸ್ಥೆಗಳು ಯಾಹೂ ಗುಂಪುಗಳೆಲ್ಲವನ್ನೂ ಮುಚ್ಚಿಬಿಟ್ಟವು. ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ 2009ರಲ್ಲಿ ರೂಪಿಸಿದ ನಿಯಮಗಳು, ತಡೆ ಕೋರಿಕೆಗಳನ್ನೂ ಕ್ರಮಗಳನ್ನೂ ಗೌಪ್ಯವಾಗಿಡಬೇಕೆನ್ನುತ್ತವೆ. ಹಾಗಾಗಿ ಪೂರ್ಣ ಪಟ್ಟಿ ಸಾರ್ವಜನಿಕರಿಗೆ ಸಿಗುವುದಿಲ್ಲ.

ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಸಂಸ್ಥೆಯ ಸಂಶೋಧಕರು ನ್ಯಾಯಾಲಯದ ಆದೇಶಗಳು, ಸರ್ಕಾರಿ ಆದೇಶಗಳು ಹಾಗೂ ಬಳಕೆದಾರರ ದೂರುಗಳಿಂದ 4,379 ತಾಣಗಳ ಪಟ್ಟಿ ಮಾಡಿ, ಆರು ಸೇವಾ ಸಂಸ್ಥೆಗಳಲ್ಲಿ ಪರೀಕ್ಷಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಕನಿಷ್ಠ ಒಂದು ಸಂಸ್ಥೆಯಾದರೂ ತಡೆದ ತಾಣಗಳು 4,033. ಆರೂ ಸಂಸ್ಥೆಗಳು ತಡೆದವು ಕೇವಲ 1,115. ಒಂದೇ ದೇಶ, ಒಂದೇ ಕಾನೂನು. ಆದರೂ ಒಬ್ಬ ವಿದ್ಯಾರ್ಥಿಗೆ ಸಿಗುವ ಪುಟ, ಬೇರೆ ಸಂಸ್ಥೆಯ ಸಂಪರ್ಕ ಪಡೆದ ಪಕ್ಕದ ಮನೆಯ ವಿದ್ಯಾರ್ಥಿಗೆ ಸಿಗುವುದಿಲ್ಲ.

ಯಾವ ತಡೆ ಸರಿ, ಯಾವುದು ತಪ್ಪು ಎಂಬುದನ್ನು ಅಳತೆ ಹೇಳಲಾರದು. ಮಕ್ಕಳಿಗೆ ಹಾನಿ ಮಾಡುವ ತಾಣವನ್ನು ತಡೆಯುವುದಕ್ಕೂ ಸುದ್ದಿಯನ್ನು ತಡೆಯುವುದಕ್ಕೂ ಇರುವ ವ್ಯತ್ಯಾಸ ಕಾನೂನಿಗೆ, ಸಮಾಜಕ್ಕೆ ಬಿಟ್ಟದ್ದು. ಆದರೆ ಏನನ್ನು ತಡೆಯಲಾಗಿದೆ ಎಂಬುದೇ ತಿಳಿಯದಿದ್ದರೆ ಆ ಚರ್ಚೆ ಆರಂಭವಾಗುವುದೇ ಇಲ್ಲ.