ಪರ್ಪೆಟುವಾಳ ಸೆರೆಮನೆಯ ಬರಹ: ನಿಷ್ಠೆ ಮತ್ತು ಮಮತೆ

ಪ್ರಾಚೀನ ಕ್ರೈಸ್ತ ಸಾಹಿತ್ಯದಲ್ಲಿ ಹುತಾತ್ಮರ ವೃತ್ತಾಂತಗಳು ಹೇರಳವಾಗಿವೆ. ಅವುಗಳಲ್ಲಿ ಬಹುಪಾಲು ಅನ್ಯರು ಬರೆದಿಟ್ಟವು. ಲ್ಯಾಟಿನ್ ಭಾಷೆಯ ‘ಪರ್ಪೆಟುವಾ ಮತ್ತು ಫೆಲಿಸಿಟಾಸರ ವೃತ್ತಾಂತ’ ಇದಕ್ಕೆ ಅಪವಾದ. ಇದರ ನಡುಭಾಗವು ಸೆರೆಯಲ್ಲಿದ್ದ ಪರ್ಪೆಟುವಾ ತಾನೇ ಬರೆದುದೆಂಬುದು ಬಹುತೇಕ ವಿದ್ವಾಂಸರ ಅಭಿಮತ. ಮುನ್ನುಡಿಯನ್ನೂ ಮರಣದ ಪ್ರಸಂಗವನ್ನೂ ಅಜ್ಞಾತ ಸಂಪಾದಕನೊಬ್ಬ ಸೇರಿಸಿದ್ದಾನೆ.

ಕ್ರಿ.ಶ. 203ರಲ್ಲಿ, ಸೆಪ್ಟಿಮಿಯಸ್ ಸೆವೆರಸ್ ರೋಮಿನ ಚಕ್ರವರ್ತಿಯಾಗಿದ್ದಾಗ, ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಈ ಘಟನೆ ನಡೆಯಿತು. ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದ ಕೆಲವು ತರುಣರು ಬಂಧಿತರಾದರು. ಪರ್ಪೆಟುವಾ ಕುಲೀನ ಮನೆತನದವಳು, ಸುಮಾರು ಇಪ್ಪತ್ತೆರಡರ ಹರೆಯದವಳು, ಎಳೆಗೂಸಿನ ತಾಯಿ. ಫೆಲಿಸಿಟಾಸ್ ತುಂಬುಗರ್ಭಿಣಿಯಾದ ದಾಸಿ. ಚಕ್ರವರ್ತಿಯ ಕ್ಷೇಮಕ್ಕಾಗಿ ಬಲಿ ಅರ್ಪಿಸಿದರೆ ಬಿಡುಗಡೆ. ನಿರಾಕರಿಸಿದರೆ ಮೃಗಗಳ ಬಾಯಿ.

ಈ ಬರಹದಲ್ಲಿ ಪ್ರಲೋಭನೆಯು ಧನವಾಗಿಯೋ ಭೋಗವಾಗಿಯೋ ಬರುವುದಿಲ್ಲ. ತಂದೆಯ ರೂಪದಲ್ಲಿ ಬರುತ್ತದೆ. ಆತ ನಾಲ್ಕು ಬಾರಿ ಬರುತ್ತಾನೆ. ಮೊದಲು ಕೋಪ. ಆಗ ಆಕೆ ಎದುರಿಗಿದ್ದ ಹೂಜಿಯನ್ನು ತೋರಿಸಿ, ಅದನ್ನು ಬೇರೆ ಹೆಸರಿನಿಂದ ಕರೆಯಲಾಗದಂತೆ ತಾನೂ ಕ್ರೈಸ್ತಳಲ್ಲದೆ ಬೇರೇನೂ ಅಲ್ಲವೆನ್ನುತ್ತಾಳೆ. ಎರಡನೆಯ ಬಾರಿ ಆತ ಮಗಳ ಕೈಗೆ ಮುತ್ತಿಟ್ಟು ಕಾಲಿಗೆ ಬೀಳುತ್ತಾನೆ. ವಿಚಾರಣೆಯ ದಿನ ಮಗುವನ್ನೆತ್ತಿಕೊಂಡು ಬರುತ್ತಾನೆ. ಅಧಿಕಾರಿ ಹಿಲೇರಿಯಾನಸ್ ಆ ವೃದ್ಧನನ್ನು ಕೋಲಿನಿಂದ ಹೊಡೆಸಿದಾಗ, ಆ ಏಟು ತನಗೇ ಬಿದ್ದಂತೆ ನೊಂದುದಾಗಿ ಆಕೆ ದಾಖಲಿಸುತ್ತಾಳೆ. ಆದರೂ ಉತ್ತರ ಬದಲಾಗುವುದಿಲ್ಲ. ಕಡೆಯ ಭೇಟಿಯಲ್ಲಿ ಆತ ಗಡ್ಡ ಕಿತ್ತುಕೊಂಡು ನೆಲಕ್ಕೆ ಬೀಳುತ್ತಾನೆ.

ಫೆಲಿಸಿಟಾಸಳ ಕಷ್ಟ ಬೇರೆ ಬಗೆಯದು. ಗರ್ಭಿಣಿಯನ್ನು ವಧಿಸಲು ರೋಮನ್ ಕಾನೂನು ಸಮ್ಮತಿಸುತ್ತಿರಲಿಲ್ಲ; ಸಂಗಾತಿಗಳಿಂದ ಅಗಲಿ, ಮುಂದೆ ಅಪರಾಧಿಗಳ ನಡುವೆ ಸಾಯಬೇಕಾದೀತೆಂಬುದೇ ಅವಳ ಅಳಲು. ಎಂಟನೆಯ ತಿಂಗಳಲ್ಲೇ ಹೆರಿಗೆಯಾಗಿ, ಹೆಣ್ಣುಮಗುವನ್ನು ಕ್ರೈಸ್ತ ಸೋದರಿಯೊಬ್ಬಳು ಸಾಕಿಕೊಂಡಳು.

ರಾಜಕುಮಾರ ಗೇಟನ ಹುಟ್ಟುಹಬ್ಬದ ಕ್ರೀಡೆಗಳಲ್ಲಿ ಇಬ್ಬರನ್ನೂ ಹುಚ್ಚು ಹಸುವಿನೆದುರು ನೂಕಲಾಯಿತು. ಕೊನೆಗೆ ನಡುಗುತ್ತಿದ್ದ ಅನನುಭವಿ ಮಲ್ಲನ ಕೈಯನ್ನು ಪರ್ಪೆಟುವಾ ತಾನೇ ಹಿಡಿದು ಕತ್ತಿಯನ್ನು ಕೊರಳಿಗೆ ತಂದುಕೊಂಡಳೆಂದು ಸಂಪಾದಕ ಬರೆಯುತ್ತಾನೆ.

ಇಲ್ಲಿ ಎರಡು ಧ್ವನಿಗಳ ಅಂತರ ಗಮನಾರ್ಹ. ಸಂಪಾದಕನ ಪರ್ಪೆಟುವಾ ಭಯವನ್ನೇ ಅರಿಯದ ವೀರಳು. ಆಕೆಯ ಸ್ವಂತ ಬರಹದಲ್ಲಿರುವವಳು ಕಾರಾಗೃಹದ ಕತ್ತಲೆಗೆ ಬೆದರಿದವಳು, ಹಸಿದ ಮಗುವಿಗಾಗಿ ಕಳವಳಿಸಿದವಳು, ತಂದೆಯ ಮುಪ್ಪಿಗೆ ಮರುಗಿದವಳು. ಉತ್ತರ ಆಫ್ರಿಕದ ಸಭೆಗಳಲ್ಲಿ ಈ ಕೃತಿಯ ಪಠಣ ನಡೆಯುತ್ತಿತ್ತು. ಆಗಸ್ಟೀನನು ಇವರ ಸ್ಮರಣೆಯ ದಿನ ಪ್ರವಚನಗಳನ್ನು ನೀಡಿದ್ದಾನೆ. ಆರಾಧನೆಯ ಪರಂಪರೆ ವೀರಳನ್ನು ಉಳಿಸಿಕೊಂಡಿತು. ಆದರೆ ಮಮತೆಯನ್ನು ಕಳೆದುಕೊಳ್ಳದೆಯೇ ನಿಷ್ಠೆಯನ್ನು ಕಾಯ್ದುಕೊಂಡ ಮಗಳು ಮತ್ತು ತಾಯಿಯನ್ನು ಕಾಣಲು ಆ ಕೆಲವು ಪುಟಗಳಿಗೇ ಮರಳಬೇಕಾಗುತ್ತದೆ.