ದೂರದ ಸೈಕಲ್ ಸವಾರಿಯಲ್ಲಿ ಏನು ತಿನ್ನಬೇಕು? ಬಾಡೂಟವೋ, ಬೆಲ್ಲವೋ, ಬಾಳೆಹಣ್ಣೋ?

ಬೆಂಗಳೂರಿನಿಂದ ಕನಕಪುರ, ಹಲಗೂರು ದಾಟಿ ಮಳವಳ್ಳಿಗೆ ಸುಮಾರು 100 ಕಿ.ಮೀ. ಹೋಗಿ ಬಂದರೆ 200. ಒಂದೇ ದಿನದಲ್ಲಿ ಇಷ್ಟು ದೂರ ಸೈಕಲ್ ತುಳಿಯುವವರು ಈಗ ಅಪರೂಪವೇನಲ್ಲ. 'ಬ್ರೆವೆ' ಎಂದು ಕರೆಯುವ ದೂರದ ಸವಾರಿಗಳಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 600 ಕಿ.ಮೀ.ಗೆ 40 ಗಂಟೆ ಗಡುವು. ಇಷ್ಟು ಹೊತ್ತು ತುಳಿಯಲು ಕಾಲಿನ ಬಲವಷ್ಟೇ ಸಾಲದು, ಹೊಟ್ಟೆಯೂ ಸಹಕರಿಸಬೇಕು.

ತಿನ್ನುವುದಕ್ಕೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಕುರಿ ತಳಿಯಿಂದ ಹೆಸರುವಾಸಿ. ಮದ್ದೂರಿಗೆ ವಡೆ ಮತ್ತು ಎಳನೀರು, ಮಂಡ್ಯಕ್ಕೆ ಕಬ್ಬು ಮತ್ತು ಬೆಲ್ಲ. ಇವುಗಳ ಬಗ್ಗೆ ಮೊಬೈಲ್‌ನಲ್ಲಿ ಓಡಾಡುವ ಸಲಹೆಗಳೂ ಅಷ್ಟೇ ಇವೆ. ಅವುಗಳಲ್ಲಿ ಯಾವುದು ಸರಿ, ಯಾವುದು ಅಪಾಯಕಾರಿ ಎಂದು ಒಂದೊಂದಾಗಿ ನೋಡೋಣ.

ದೇಹದ ಟ್ಯಾಂಕ್ ಎಷ್ಟು ದೊಡ್ಡದು?

ಸೈಕಲ್ ತುಳಿಯುವಾಗ ದೇಹ ಎರಡು ಇಂಧನ ಉರಿಸುತ್ತದೆ: ಕೊಬ್ಬು ಮತ್ತು ಕಾರ್ಬೋಹೈಡ್ರೇಟ್. ಕೊಬ್ಬಿನ ದಾಸ್ತಾನು ತೆಳ್ಳಗಿರುವವರಲ್ಲೂ ಹೇರಳವಾಗಿರುತ್ತದೆ, ಆದರೆ ಅದು ನಿಧಾನವಾಗಿ ಉರಿಯುತ್ತದೆ. ವೇಗ ಹೆಚ್ಚಿದಾಗ, ಏರು ಬಂದಾಗ ದೇಹ ಕೇಳುವುದು ಕಾರ್ಬೋಹೈಡ್ರೇಟನ್ನೇ. ಅದು ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಇರುತ್ತದೆ. ಎಲ್ಲ ಸೇರಿದರೂ ಅರ್ಧ ಕಿಲೋ ಆಸುಪಾಸು, ಅಂದರೆ ಸುಮಾರು 2,000 ಕ್ಯಾಲೊರಿ. ಜೋರಾಗಿ ತುಳಿದರೆ ಒಂದೂವರೆಯಿಂದ ಎರಡು ಗಂಟೆಯಲ್ಲಿ ಇದು ಬಹುಪಾಲು ಖಾಲಿ.

ಖಾಲಿಯಾದಾಗ ಕಾಲು ಏಕಾಏಕಿ ಸೋಲುತ್ತದೆ, ಕೈ ನಡುಗುತ್ತದೆ, ತಲೆ ಸುತ್ತುತ್ತದೆ, ಯೋಚನೆ ಮಂಕಾಗುತ್ತದೆ. ಲಾರಿ, ಬಸ್ಸು ಓಡುವ ರಸ್ತೆಯಲ್ಲಿ ಇದು ಸುಸ್ತಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಹಾಗಾಗಿ ಹಸಿವಾಗುವ ತನಕ ಕಾಯಬಾರದು.

ನಂಬಿಕೆ 1: ಹೊರಡುವ ಮುನ್ನ ಗಟ್ಟಿಯಾಗಿ ಬಾಡೂಟ ಹೊಡೆದರೆ ದಿನವಿಡೀ ಬಲ

ವಾಸ್ತವ: ತಪ್ಪು. ಬಂಡೂರು ಕುರಿಯ ಮಾಂಸದ ರುಚಿ ಬಗ್ಗೆ ತಕರಾರಿಲ್ಲ. ಆದರೆ ಕೊಬ್ಬು ಮತ್ತು ಪ್ರೋಟೀನ್ ಹೆಚ್ಚಿರುವ ಊಟ ಹೊಟ್ಟೆಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ತುಳಿಯುವಾಗ ರಕ್ತ ಹೆಚ್ಚಾಗಿ ಕಾಲಿನ ಸ್ನಾಯುಗಳಿಗೆ ಹರಿಯುವುದರಿಂದ ಜೀರ್ಣಕ್ರಿಯೆ ಇನ್ನೂ ನಿಧಾನವಾಗುತ್ತದೆ. ಹೊಟ್ಟೆ ಭಾರ, ಹುಳಿತೇಗು, ವಾಂತಿ ಶುರುವಾಗಬಹುದು. ಎಣ್ಣೆಯಲ್ಲಿ ಕರಿದ ಮದ್ದೂರು ವಡೆಗೂ ಇದೇ ಮಾತು. ದಾರಿಯಲ್ಲಿ ಒಂದು ತಿಂದರೆ ತೊಂದರೆಯಿಲ್ಲ, ಅದನ್ನೇ ಊಟ ಮಾಡಿಕೊಳ್ಳಬೇಡಿ.

ಬಾಡೂಟಕ್ಕೆ ಸರಿಯಾದ ಸಮಯ ಸವಾರಿ ಮುಗಿದ ಮೇಲೆ. ಆಗ ದಣಿದ ಸ್ನಾಯುಗಳ ದುರಸ್ತಿಗೆ ಪ್ರೋಟೀನ್ ಬೇಕೇ ಬೇಕು. ಜೊತೆಗೆ ಮುದ್ದೆಯೋ ಅನ್ನವೋ ಇದ್ದರೆ ಖಾಲಿಯಾದ ಗ್ಲೈಕೋಜನ್ ಕೂಡ ತುಂಬುತ್ತದೆ.

ನಂಬಿಕೆ 2: ರಾಗಿ ಮುದ್ದೆ ಇದ್ದರೆ ಬೇರೇನೂ ಬೇಡ

ವಾಸ್ತವ: ಅರ್ಧ ಸತ್ಯ. ರಾಗಿ ಒಳ್ಳೆಯ ಕಾರ್ಬೋಹೈಡ್ರೇಟ್ ಮೂಲ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನಂಶವಿದೆ. ದಿನನಿತ್ಯ ಒಳ್ಳೆಯದಾದ ಇದೇ ನಾರು ಸವಾರಿಯ ನಡುವೆ ಹೊಟ್ಟೆಯನ್ನು ನಿಧಾನಗೊಳಿಸುತ್ತದೆ. ಹಿಂದಿನ ರಾತ್ರಿ ಅಥವಾ ಹೊರಡುವ ಮೂರು ಗಂಟೆ ಮೊದಲು ಮುದ್ದೆ ತಿನ್ನಬಹುದು. ದಾರಿಯಲ್ಲಿ ಇಡ್ಲಿ, ಬಾಳೆಹಣ್ಣು ವಾಸಿ.

ನಂಬಿಕೆ 3: ಬೆಲ್ಲ ಸಕ್ಕರೆಯಲ್ಲ, ಮಧುಮೇಹಿಗಳೂ ಎಷ್ಟಾದರೂ ತಿನ್ನಬಹುದು

ವಾಸ್ತವ: ತಪ್ಪು, ಅಪಾಯಕಾರಿ ಕೂಡ. ಆಲೆಮನೆಯ ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶ ಉಳಿದಿರುತ್ತದೆ ನಿಜ. ಆದರೆ ಅದರ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ರಕ್ತದ ಸಕ್ಕರೆಯನ್ನು ಅದೂ ಬೇಗ ಏರಿಸುತ್ತದೆ.

ಸವಾರನಿಗೆ ಬೇಕಿರುವುದು ಈ ಗುಣವೇ. 10 ಗ್ರಾಂ ಬೆಲ್ಲದಿಂದ ಸುಮಾರು 9 ಗ್ರಾಂ ಕಾರ್ಬೋಹೈಡ್ರೇಟ್ ಸಿಗುತ್ತದೆ. ಜೇಬಿನಲ್ಲಿ ನಾಲ್ಕು ತುಂಡು ಬೆಲ್ಲ ಇಟ್ಟುಕೊಂಡರೆ ದುಬಾರಿ ಎನರ್ಜಿ ಜೆಲ್ ಇಲ್ಲದೆಯೂ ಕೆಲಸ ಆಗುತ್ತದೆ. ಮನೆಯಲ್ಲಿ ಕೂತು 'ಬೆಲ್ಲ ತಾನೇ' ಎಂದು ತಿನ್ನುವ ಮಧುಮೇಹಿಗೆ ಮಾತ್ರ ಅದು ಸಕ್ಕರೆಯಷ್ಟೇ ಹಾನಿ.

ನಂಬಿಕೆ 4: ಎಳನೀರು ಕುಡಿದರೆ ಬೆವರಲ್ಲಿ ಹೋದ ಉಪ್ಪೆಲ್ಲ ವಾಪಸ್

ವಾಸ್ತವ: ಅರ್ಧ ಸತ್ಯ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಇದಕ್ಕೆ ತದ್ವಿರುದ್ಧ: ಹೆಚ್ಚು ಹೋಗುವುದು ಸೋಡಿಯಂ, ಅಂದರೆ ನಾವು ಅಡುಗೆಗೆ ಬಳಸುವ ಉಪ್ಪಿನ ಅಂಶ. ಎಳನೀರು ಖಂಡಿತ ಕುಡಿಯಿರಿ, ಜೊತೆಗೆ ಉಪ್ಪಿರುವ ಏನಾದರೂ ಇರಲಿ. ಉಪ್ಪು ಹಾಕಿದ ಮಜ್ಜಿಗೆ ಅಥವಾ ನಿಂಬೆ ಪಾನಕ ಸಾಕು.

ಕಬ್ಬಿನ ಹಾಲು ಕೂಡ ಒಳ್ಳೆಯ ಇಂಧನ. ಆದರೆ ಅದರಲ್ಲಿ ಶೇ. 10ಕ್ಕಿಂತ ಹೆಚ್ಚು ಸಕ್ಕರೆ ಇರುವುದರಿಂದ ಒಮ್ಮೆಗೇ ದೊಡ್ಡ ಲೋಟ ಕುಡಿದರೆ ಹೊಟ್ಟೆ ಉಬ್ಬರಿಸಬಹುದು. ಅರ್ಧ ಲೋಟ ಸಾಕು, ಮೇಲೆ ಸ್ವಲ್ಪ ನೀರು ಕುಡಿಯಿರಿ. ಐಸ್ ಬೇಡ ಎನ್ನಿ. ಆ ಐಸ್ ಯಾವ ನೀರಿನದ್ದೋ ನಮಗೆ ಗೊತ್ತಿರುವುದಿಲ್ಲ.

ನಂಬಿಕೆ 5: ನೀರು ಎಷ್ಟು ಕುಡಿದರೂ ಒಳ್ಳೆಯದೇ

ವಾಸ್ತವ: ತಪ್ಪು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಮಟ್ಟ ಇರಬೇಕಾದ್ದಕ್ಕಿಂತ ಕೆಳಗಿತ್ತು. ಓಟದ ನಡುವೆ ತೂಕ ಹೆಚ್ಚುವಷ್ಟು ನೀರು ಕುಡಿದವರಲ್ಲಿ ಈ ಅಪಾಯ ಹೆಚ್ಚಾಗಿತ್ತು. ತಲೆನೋವು, ವಾಕರಿಕೆ, ಬೆರಳು ಊದುವುದು, ಗೊಂದಲ ಇದರ ಲಕ್ಷಣಗಳು. ತೀವ್ರವಾದರೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತು. ಈ ಲಕ್ಷಣ ಕಂಡರೆ ಮತ್ತಷ್ಟು ನೀರು ಕುಡಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಬಾಯಾರಿಕೆಗೆ ತಕ್ಕಂತೆ ಕುಡಿಯುವುದು ಸರಳ ನಿಯಮ. ಸಾಮಾನ್ಯವಾಗಿ ಗಂಟೆಗೆ 400ರಿಂದ 800 ಮಿ.ಲೀ. ಬೇಕಾಗುತ್ತದೆ. ಬಿಸಿಲು, ಮೈತೂಕ, ವೇಗದ ಮೇಲೆ ಇದು ಬದಲಾಗುತ್ತದೆ.

ಹಾಗಾದರೆ ಎಷ್ಟು, ಯಾವಾಗ ತಿನ್ನಬೇಕು?

ಎರಡು ಗಂಟೆಗಿಂತ ಹೆಚ್ಚಿನ ಸವಾರಿಗೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಎಂಬುದು ಕ್ರೀಡಾ ಪೋಷಣಾ ತಜ್ಞರ ಸಾಮಾನ್ಯ ಸಲಹೆ. ಅಂದಾಜು ಲೆಕ್ಕ ಹೀಗಿದೆ:

- ಮಧ್ಯಮ ಗಾತ್ರದ ಪಚ್ಚಬಾಳೆ ಒಂದು: 25 ಗ್ರಾಂ
- ಸಣ್ಣ ಏಲಕ್ಕಿ ಬಾಳೆ ಒಂದು: 10 ಗ್ರಾಂ
- ಇಡ್ಲಿ ಒಂದು: 8ರಿಂದ 10 ಗ್ರಾಂ
- ಕಬ್ಬಿನ ಹಾಲು ಅರ್ಧ ಲೋಟ (100 ಮಿ.ಲೀ.): 10ರಿಂದ 15 ಗ್ರಾಂ

ಅಂದರೆ ಗಂಟೆಗೆ ಒಂದು ಪಚ್ಚಬಾಳೆ, ಎರಡು ತುಂಡು ಬೆಲ್ಲ ಸಾಕು. ಹೊರಟ ಮೊದಲ ಗಂಟೆಯಿಂದಲೇ, ಪ್ರತಿ 20–30 ನಿಮಿಷಕ್ಕೆ ಸ್ವಲ್ಪ ಸ್ವಲ್ಪ ತಿನ್ನಿ.

ಬಾಟಲಿಗೆ ಪಾನಕ ಮನೆಯಲ್ಲೇ ಮಾಡಬಹುದು: ಒಂದು ಲೀಟರ್ ನೀರಿಗೆ 60 ಗ್ರಾಂ ಬೆಲ್ಲ ಅಥವಾ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣಿನ ರಸ. ಇದು ಸವಾರಿಗೆ ಮಾತ್ರ. ವಾಂತಿ, ಭೇದಿ ಆದವರಿಗೆ ಔಷಧಿ ಅಂಗಡಿಯ ಓಆರ್‌ಎಸ್ ಪುಡಿಯೇ ಬೇಕು.

ಇನ್ನೊಂದು ವಿಷಯ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೋಗಳ ಜೊತೆ ಸೈಕಲ್ಲಿಗೂ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಊರು, ಅಂಗಡಿ ಹತ್ತಿರವಿರುವ ರಸ್ತೆಯಲ್ಲಿ ಹೊರೆ ಕಡಿಮೆ ಇರಲಿ. ಊರುಗಳು ದೂರ ದೂರ ಇರುವ ದಾರಿಯಲ್ಲಿ, ರಾತ್ರಿ ಸವಾರಿಯಲ್ಲಿ ಎರಡು ಗಂಟೆಗಾಗುವಷ್ಟು ತಿನಿಸು ಜೊತೆಗಿರಲಿ. ಸವಾರಿಯ ದಿನ ಹೊಸ ಆಹಾರದ ಪ್ರಯೋಗ ಬೇಡ, ಮೊದಲೇ ಸಣ್ಣ ಸವಾರಿಗಳಲ್ಲಿ ತಿಂದು ನೋಡಿ.

ಯಾರು ವೈದ್ಯರನ್ನು ಕೇಳಲೇಬೇಕು?

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ದೀರ್ಘ ಸವಾರಿಯಲ್ಲಿ ಸಕ್ಕರೆ ತೀರಾ ಕುಸಿಯಬಹುದು. ಮೂತ್ರಪಿಂಡದ ತೊಂದರೆ ಇರುವವರಿಗೆ ಎಳನೀರಿನ ಪೊಟ್ಯಾಸಿಯಂ ಅಪಾಯ ತರಬಹುದು. ರಕ್ತದೊತ್ತಡ ಇರುವವರು ಉಪ್ಪಿನ ಬಗ್ಗೆ ಕೇಳಿ ತಿಳಿಯಬೇಕು. ಇವರೆಲ್ಲ ಹೊರಡುವ ಮೊದಲೇ ವೈದ್ಯರ ಸಲಹೆ ಪಡೆಯಲಿ.

ಜೊತೆಗಾರ ತೊದಲತೊಡಗಿದರೆ, ಸೈಕಲ್ ಓಲಾಡಿದರೆ ತಕ್ಷಣ ನಿಲ್ಲಿಸಿ. ನೆರಳಲ್ಲಿ ಕೂರಿಸಿ, ಎಚ್ಚರವಿದ್ದರೆ ಬೆಲ್ಲವನ್ನೋ ಸಕ್ಕರೆ ನೀರನ್ನೋ ಕೊಡಿ. 15 ನಿಮಿಷದಲ್ಲಿ ಚೇತರಿಸದಿದ್ದರೆ, ಅಥವಾ ಎಚ್ಚರ ತಪ್ಪಿದ್ದರೆ, 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ಒಟ್ಟಿನಲ್ಲಿ: ದಾರಿಯಲ್ಲಿ ಬೆಲ್ಲ, ಬಾಳೆಹಣ್ಣು, ಉಪ್ಪು ಹಾಕಿದ ಪಾನಕ. ಬಾಡೂಟ ಸವಾರಿ ಮುಗಿದ ಮೇಲೆ. 'ಬೆಲ್ಲದಿಂದ ಸಕ್ಕರೆ ಏರಲ್ಲ' ಎಂಬ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ನಿಮ್ಮ ಗುಂಪಿನಲ್ಲೇ ಅದನ್ನು ನಂಬಿ ತಿನ್ನುವ ಮಧುಮೇಹಿ ಒಬ್ಬರು ಇರಬಹುದು.