ಹೆಪ್ಪುರೋಧಕ ಮದ್ದು ಮತ್ತು ಕರುಳಿನ ಕ್ಯಾನ್ಸರ್: ಒಂದು ಊಹೆಯ ಚರಿತ್ರೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯವರು ದೊಡ್ಡ ಶಸ್ತ್ರಚಿಕಿತ್ಸೆಗೆ ಹುಬ್ಬಳ್ಳಿ, ಧಾರವಾಡ ಇಲ್ಲವೆ ಬೆಳಗಾವಿಗೆ ಹೋಗುವುದು ರೂಢಿ. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದವರಿಗೆ ಹೊಟ್ಟೆಯ ಚರ್ಮದಡಿ ದಿನವೂ ಚುಚ್ಚುಮದ್ದು ಕೊಡುವುದನ್ನು ನೀವು ಕಂಡಿರಬಹುದು. ಏಕೆಂದು ಕೇಳಿದರೆ 'ರಕ್ತ ತೆಳುವಾಗಲು' ಎನ್ನುತ್ತಾರೆ. ವಾಸ್ತವವಾಗಿ ರಕ್ತದ ಸ್ನಿಗ್ಧತೆಯನ್ನು ಈ ಮದ್ದು ತಗ್ಗಿಸುವುದಿಲ್ಲ. ಹೆಪ್ಪುಗಟ್ಟುವ ಕ್ರಿಯಾಸರಣಿಯನ್ನು ತಡೆಯುತ್ತದೆ. ಹಾಗಾದರೆ ಇದು ಕ್ಯಾನ್ಸರ್ ಮರುಕಳಿಸುವುದನ್ನೂ ತಡೆದೀತೆ? ಈ ಪ್ರಶ್ನೆಯ ಹಿಂದೆ ಒಂದೂವರೆ ಶತಮಾನದ ಚರಿತ್ರೆಯಿದೆ.

ಅಭಿಧಮನಿಗಳಲ್ಲಿ ಅಕಾರಣವಾಗಿ ರಕ್ತ ಹೆಪ್ಪುಗಟ್ಟಿದರೆ ಅದು ಒಳಗೆ ಅಡಗಿರುವ ಕ್ಯಾನ್ಸರಿನ ಸೂಚನೆಯಾಗಿರಬಹುದೆಂದು 1865ರಲ್ಲಿ ಪ್ಯಾರಿಸ್ಸಿನ ವೈದ್ಯ ಆರ್ಮಾಂ ತ್ರೂಸೋ ಬೋಧಿಸಿದ. ಎರಡು ವರ್ಷಗಳ ಬಳಿಕ ತನ್ನಲ್ಲೇ ಆ ಲಕ್ಷಣವನ್ನು ಗುರುತಿಸಿದ ಆತ, ಅದೇ ವರ್ಷ ಜಠರದ ಕ್ಯಾನ್ಸರಿನಿಂದ ತೀರಿಕೊಂಡ. 1878ರಲ್ಲಿ ಬಿಲ್‌ರೋತ್ ಹೆಪ್ಪಿನೊಳಗೇ ಕ್ಯಾನ್ಸರ್ ಕೋಶಗಳನ್ನು ಕಂಡ. ರಕ್ತದಲ್ಲಿ ಅಲೆಯುವ ಇಂಥ ಕೋಶಗಳಿಗೆ ಕಿರುಬಿಲ್ಲೆಗಳೂ ಫೈಬ್ರಿನ್ ಎಳೆಗಳೂ ಕವಚವಾಗುತ್ತವೆ ಎಂಬುದು ಮುಂದೆ ತಿಳಿಯಿತು. ಹೆಪ್ಪನ್ನು ತಡೆದರೆ ಕ್ಯಾನ್ಸರ್ ಹರಡುವುದನ್ನೂ ತಡೆಯಬಹುದೆಂಬ ಊಹೆ ಹುಟ್ಟಿದ್ದು ಹೀಗೆ. ಇಲಿಗಳ ಮೇಲಿನ ಪ್ರಯೋಗಗಳು ಅದನ್ನು ಬೆಂಬಲಿಸಿದವು.

ಮದ್ದು ಆಗಲೇ ಸಿದ್ಧವಿತ್ತು. 1916ರಲ್ಲಿ ಅಮೆರಿಕದ ವೈದ್ಯ ವಿದ್ಯಾರ್ಥಿ ಜೇ ಮೆಕ್ಲೀನ್ ನಾಯಿಯ ಯಕೃತ್ತಿನ ಸಾರದಲ್ಲಿ ಹೆಪ್ಪುರೋಧಕ ಗುಣ ಕಂಡಿದ್ದ. ಹೆಪಾರಿನ್‌ನ ಕಥೆ ಅಲ್ಲಿಂದ ಆರಂಭ. ಭಾರತೀಯ ಮೂಲದ ಶಸ್ತ್ರವೈದ್ಯ ವಿಜಯ್ ಕಕ್ಕರ್ 1975ರಲ್ಲಿ 4121 ರೋಗಿಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಶ್ವಾಸಕೋಶಕ್ಕೆ ಹೆಪ್ಪು ಸಿಕ್ಕಿ ಸತ್ತವರು, ಹೆಪಾರಿನ್ ಪಡೆಯದವರಲ್ಲಿ 16, ಪಡೆದವರಲ್ಲಿ 2. ಮುಂದೆ ಬೆಂಗಳೂರಿನಲ್ಲೂ ಹೆಪ್ಪುಗಟ್ಟುವಿಕೆಯ ಸಂಶೋಧನಾ ಸಂಸ್ಥೆ ಕಟ್ಟಿದವರು ಇವರೇ.

ಆದರೆ ಕ್ಯಾನ್ಸರ್ ಕುರಿತ ಪ್ರಶ್ನೆ ಉಳಿದೇ ಇತ್ತು. ಕೆನಡಾದಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ 614 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಸಮ ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ ನಿಶ್ಚಯವಾದಂದಿನಿಂದ ಅದು ಮುಗಿದ 56 ದಿನಗಳವರೆಗೆ ಟಿನ್ಜಪಾರಿನ್. ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆಯ ಬಳಿಕ ಆಸ್ಪತ್ರೆಯಲ್ಲಿದ್ದಷ್ಟು ದಿನ ಮಾತ್ರ. 2022ರಲ್ಲಿ ಪ್ರಕಟವಾದ ಫಲಿತಾಂಶ: ಮೂರು ವರ್ಷಗಳಲ್ಲಿ ರೋಗಮುಕ್ತರಾಗಿ ಉಳಿದವರು ಕ್ರಮವಾಗಿ ಶೇ. 77 ಮತ್ತು ಶೇ. 79. ಅಂದರೆ, ದೀರ್ಘಕಾಲ ಕೊಟ್ಟದ್ದರಿಂದ ಲಾಭ ಕಾಣಲಿಲ್ಲ.

ತರಗತಿಯಲ್ಲಿ ಈ ಎರಡು ಪರೀಕ್ಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ಚರ್ಚಿಸಿ. ಊಹೆ ಎಷ್ಟೇ ತರ್ಕಬದ್ಧವಾಗಿರಲಿ, ತೀರ್ಪು ಕೊಡುವುದು ಪ್ರಯೋಗ. ಊರಿನಲ್ಲಿ ಯಾರಾದರೂ ಕೇಳಿದರೆ ಇಷ್ಟು ಹೇಳಿ: ಆ ಚುಚ್ಚುಮದ್ದು ಹೆಪ್ಪಿನಿಂದ ರಕ್ಷಿಸಲು, ವೈದ್ಯರು ಹೇಳಿದಷ್ಟು ದಿನ ಅದನ್ನು ತಪ್ಪಿಸಬಾರದು. ಕ್ಯಾನ್ಸರ್ ಮರಳದಿರಲೆಂದು ಸಾಲ ಮಾಡಿ ಅದನ್ನೇ ಮುಂದುವರಿಸಬೇಕಾಗಿಲ್ಲ.